ಅಮ್ಮ ಹೇಳಿದ ಬಣ್ಣ

ಅಂಗಡಿಯ ಮಹಡಿಯಿಂದ,
ಮಾರ್ಚ್ ೯, ಬೆಳಿಗ್ಗೆ

ನನ್ನ ಮುದ್ದು ಮಗಳೇ,

ಭುಜದ ನೋವು ಹೇಗಿದೆ? ಶಾಖ ಕೊಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಈ ಅಪ್ಪನ ಹಾಗೆ ನಾಳೆ ನೋಡೋಣ ಎಂದು ಮುಂದೂಡುತ್ತಿದ್ದೀಯೋ? ದಿನವಿಡೀ ಪಿಟೀಲು ಕುಯ್ಯುವುದಕ್ಕೆ ಭುಜವೇನು ಕಬ್ಬಿಣದ್ದೇ? ನಾನು ಚೆನ್ನಾಗಿದ್ದೇನೆ. ನಿನ್ನಮ್ಮನ ಕಣ್ಣು ಮಾತ್ರ ಪೂರ್ತಿ ಹೋಯಿತಮ್ಮ. ಕಿಟಕಿಯ ಬೆಳಕೂ ತಿಳಿಯುವುದಿಲ್ಲ. ಇನ್ನು ಮಾಡುವುದೇನೂ ಇಲ್ಲ ಎಂದುಬಿಟ್ಟರು ಡಾಕ್ಟರು.

ನಿನ್ನ ರೆಕಾರ್ಡು ಗುರುವಾರ ಕೈಸೇರಿತು. ಅದನ್ನು ಹಿಡಿದು ಕೂತರೆ ಹಳೆಯದೆಲ್ಲ ನೆನಪಾಗುತ್ತದೆ. ನಮ್ಮ ರೆಕಾರ್ಡು ಕಂಪನಿ ಶುರು ಮಾಡಿದಾಗ ಇದ್ದದ್ದು ಈ ಎರಡು ಕೋಣೆ, ಒಂದು ಎರವಲು ಮೈಕು. ಕವರಿನ ಮೇಲೆ ಏನು ಹಾಕುವುದೆಂದು ತಲೆ ಕೆರೆದುಕೊಳ್ಳುತ್ತಿದ್ದೆ. ಮೂಲೆಯಲ್ಲಿ ಕೂತು ಮೊದಲ ರೆಕಾರ್ಡು ಕೇಳಿದ ನಿನ್ನಮ್ಮ, "ಇದು ಮಳೆ ನಿಂತ ಮೇಲಿನ ಬೂದಿ ಬಣ್ಣ ಕಣ್ರೀ" ಎಂದಳು. ಬರೀ ಬೂದಿ ಬಣ್ಣವನ್ನೇ ಅಚ್ಚು ಹಾಕಿಸಿದೆ. ಅಂದಿನಿಂದ ಅದೇ ನಮ್ಮ ಗುರುತಾಯಿತು: ಚಿತ್ರವಿಲ್ಲ, ಅವಳು ಕೇಳಿ ಹೇಳಿದ ಒಂದೇ ಬಣ್ಣ. ಖಾಲಿ ಕವರಿನ ಕಂಪನಿ ಎಂದು ಆಡಿಕೊಂಡು ನಕ್ಕವರೇ ಆಮೇಲೆ ದೂರದಿಂದಲೇ ಗುರುತು ಹಿಡಿದು ಕೊಂಡು ಒಯ್ಯುತ್ತಿದ್ದರು. ಫೋಟೋ ಬೇಕೆಂದು ಹಟ ಹಿಡಿದ ಆ ದಪ್ಪ ಮೀಸೆಯ ಗಾಯಕರಿಗೆ ಅವಳು, "ಮುಖ ನೋಡೋರು ಸಂಗೀತ ಕಛೇರಿಗೆ ಬರ್ಲಿ ಬಿಡಿ" ಎಂದದ್ದು ನೆನಪಿದೆಯಾ? ಪಾಪ, ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ಕಂಪನಿಯನ್ನು ಹೆಸರಿನ ಸಮೇತ ಮಾರಿದ್ದು ನಿನಗೆ ಗೊತ್ತೇ ಇದೆ. ಹೊಸಬರಿಗೆ ಕವರಿನ ಮೇಲೆ ಫೋಟೋ ಬೇಕು. "ಸರ್, ಮುಖ ಇಲ್ದೆ ಈಗ ಏನೂ ಓಡಲ್ಲ" ಎಂದ ಅವರ ಮ್ಯಾನೇಜರ್, ಬಲು ನಯವಾಗಿ. ಈ ಫೋಟೋದ ವಿಷಯ ನಿನ್ನಮ್ಮನಿಗೆ ಹೇಳಲು ನನ್ನ ಕೈಲಾಗಲಿಲ್ಲ. ಹೊಸಬರು ಕಳಿಸುವ ಪ್ರತಿ ರೆಕಾರ್ಡನ್ನೂ ಅವಳು ಇವತ್ತಿಗೂ ಕೇಳಿ ಬಣ್ಣ ಹೇಳುತ್ತಾಳೆ. ಕವರು ಬಂದಾಗ, ನೀನು ಹೇಳಿದ ಹಾಗೇ ಬಂದಿದೆ ಕಣೇ, ಎನ್ನುತ್ತೇನೆ. ಕಣ್ಣಿಲ್ಲದವಳಿಗೆ ಮೋಸ ಮಾಡುವುದು ಎಷ್ಟು ಸುಲಭ ನೋಡು! ಥೂ, ನನ್ನ ಜನ್ಮಕ್ಕಿಷ್ಟು.

ನಿನ್ನ ವಾದನವನ್ನು ಕವರು ಬರುವುದಕ್ಕೆ ಮುಂಚೆ, ಹೋದ ತಿಂಗಳೇ ಕೇಳಿಸಿದ್ದೆ. ಬೇರೆಯವರದಾದರೆ ಮುಗಿಯುವ ಮೊದಲೇ ಬಣ್ಣ ಹೇಳುವವಳು, ಅಂದು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳು. ಮಾರನೆಯ ದಿನ, "ಹುಟ್ಟಿದಾಗ ಅವಳನ್ನ ಸುತ್ಕೊಂಡು ಬಂದ್ವಲ್ಲ, ಆ ಟವೆಲ್ಲು. ಒಗೆದೂ ಒಗೆದೂ ಮಾಸಿದ ಹಳದಿ" ಎಂದಳು. ಮೊನ್ನೆ ಕವರನ್ನು ತೊಡೆಯ ಮೇಲಿಟ್ಟು ಸವರುತ್ತಾ, "ಅವಳ ಮುಖ ಮರೀತಾ ಇದೆ ಕಣ್ರೀ. ಈ ಹಳದಿ ಒಂದೇ ಕಣ್ಮುಂದೆ ಬರೋದು" ಎಂದಳು. ಅವಳ ಬೆರಳ ಕೆಳಗೇ ನೀನು ನಗುತ್ತಿದ್ದೆ. ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮಿಬ್ಬರ ಹಾರೈಕೆ ಸದಾ ನಿನ್ನ ಬೆನ್ನಿಗಿದೆ.

ನಿನ್ನ ಅಪ್ಪ

ಮರೆತ ಮಾತು: ಫೋನಿನಲ್ಲಿ ಹೇಳೋಣವೆಂದರೆ ಅವಳ ಕಿವಿ ಬಲು ಚುರುಕು, ಅದಕ್ಕೇ ಈ ಕಾಗದ. ಈ ವಾರ ಅವಳೇ ನಿನಗೆ ಫೋನ್ ಮಾಡಿ ಕವರು ಹೇಗೆ ಬಂದಿದೆ ಎಂದು ಕೇಳುತ್ತಾಳೆ. ನನಗೆ ಬಣ್ಣ ಎಲ್ಲಿ ತಿಳಿಯುತ್ತದೆ ಎಂಬ ಅನುಮಾನ ಅವಳಿಗೆ. ನಿನ್ನ ಫೋಟೋ ಇದೆ ಎಂದು ಬಾಯಿತಪ್ಪಿಯೂ ಅನ್ನಬೇಡ. ಹಳದಿ ಅಂದುಬಿಡು, ಮಗಳೇ.