ಬಿಲ್ಲೆ ಬೀಳದ ಕರುಗಳು

ತಾರೀಕು ೧೪, ಸೋಮವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ಇಪ್ಪತ್ತೊಂಬತ್ತು ವರ್ಷ ತಡವಾಗಿ ಕೇಳುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈಯಿ, ಕಾಗದ ಮಾತ್ರ ಹರಿಯಬೇಡ, ಕೊನೆಯವರೆಗೆ ಓದು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ಹಸು ತುಳಿದ ಹಾಗಿದ್ದರೆ ಸಹಿಸಿಕೋ.

ನನ್ನ ಮಂಡಿ ಹೋಗಿದೆ, ಬಾಯಿ ಹೋಗಿಲ್ಲ. ಫಾರ್ಮಿನಲ್ಲಿ ಈಗ ಹಾಲು ಕರೆಯುವುದು ಯಂತ್ರ. ಆದರೂ ಹಳೆಯ ಕರುಗಳ ಪುಸ್ತಕ ಓದಿ ಹೇಳಲು ನನ್ನನ್ನೇ ಕರೆಸುತ್ತಾರೆ. ನನ್ನ ಬರಹ ಇನ್ನೊಬ್ಬರಿಗೆ ತಿಳಿಯಬೇಕಲ್ಲ!

ಕರೆಸುವವಳು ಒಬ್ಬಳು ಹುಡುಗಿ. ಎಲ್ಲರೂ ಅವಳನ್ನು ಲೆಕ್ಕದಮ್ಮ ಅನ್ನುತ್ತಾರೆ. ಹಸುಗಳ ಕಿವಿಯ ಚೂರು, ಶೀಸೆಯಲ್ಲಿಟ್ಟ ಹಳೆಯ ರಕ್ತ, ನನ್ನ ಪುಸ್ತಕ ಎಲ್ಲ ಸೇರಿಸಿ, ಯಾವ ಜೀನಿನಿಂದ ಹಾಲು ಹೆಚ್ಚುತ್ತದೆ ಎಂದು ಕಂಪ್ಯೂಟರಿನಲ್ಲಿ ಹುಡುಕುತ್ತಾಳೆ. “ಕೆಚ್ಚಲು ಮುಟ್ಟಿ ನಾನೇ ಹೇಳ್ತೀನಲ್ಲೇ, ಅದಕ್ಕೆ ಇಷ್ಟು ಓದಬೇಕಾ?” ಎಂದೆ. “ನಿಮ್ಮ ಕೈಗೆ ಒಂದು ಹಸು ಹೇಳುತ್ತೆ ಅಜ್ಜಿ, ನಂಗೆ ನಾಲ್ಕು ಸಾವಿರ ಹಸು ಒಟ್ಟಿಗೆ ಹೇಳಬೇಕು” ಎಂದು ನಕ್ಕಳು.

ಹೋದ ವಾರ ನಗಲಿಲ್ಲ. ಒಂದು ಹಾಳೆ ಹರಡಿ, “ಸರದಾರ ಅನ್ನೋ ಹೋರಿ ನೆನಪಿದೆಯಾ?” ಎಂದಳು. ನೆನಪಿಲ್ಲದೆ? ಅದನ್ನು ಆರಿಸಿದ್ದೇ ನಾನು. ಅದಕ್ಕೆ ಹುಟ್ಟಿದ ಹೆಣ್ಣುಗಳು ಬಿಂದಿಗೆ ತುಂಬ ಹಾಲು ಕೊಟ್ಟವೆಂದು, ಅದರ ಮಗನನ್ನೇ ಅವುಗಳಿಗೆ ಜೋಡಿ ಕಟ್ಟಿಸಿದೆವಲ್ಲ.

“ಸರದಾರನ ಒಂದು ಜೀನು ಹಾಲು ಹೆಚ್ಚಿಸುತ್ತೆ. ಎರಡರಲ್ಲೂ ಅದು ಇದ್ದ ಜೋಡಿಗಳಿಗೆ ಹುಟ್ಟಿದ ಕರುಗಳಲ್ಲಿ ನಾಲ್ಕಕ್ಕೊಂದಕ್ಕೆ ಅದು ಅಪ್ಪನಿಂದಲೂ ಅಮ್ಮನಿಂದಲೂ ಬರಬೇಕು. ಪುಸ್ತಕದಲ್ಲಿರೋ ಅಂಥ ಅರವತ್ತೆಂಟರಲ್ಲಿ ಹದಿನೇಳಾದರೂ ಹಾಗೆ ಸಿಗಬೇಕಿತ್ತು. ಒಂದೂ ಇಲ್ಲ.”

“ಇಲ್ಲ ಅಂದ್ರೇನೇ?”

“ಎರಡೂ ಕಡೆಯಿಂದ ಬಂದರೆ ಕರು ಉಳಿಯಲ್ಲ. ಸತ್ತ ಕರುಗಳನ್ನ ನೀವು ಯಾಕೆ ಬರೆದಿಲ್ಲ?”

ಮೂರನೇ ದಿನ ಕಿವಿಗೆ ಬಿಲ್ಲೆ ಹಾಕಿದ ಮೇಲೆಯೇ ಪುಸ್ತಕಕ್ಕೆ ಬರೆಯುವುದು ನಮ್ಮ ಪದ್ಧತಿ, ನಿನಗೆ ಗೊತ್ತು. ಎರಡನೇ ದಿನ ಸತ್ತದ್ದು ಪುಸ್ತಕದ ಲೆಕ್ಕಕ್ಕೆ ಹುಟ್ಟೇ ಇಲ್ಲ. “ಇರೋದನ್ನ ಹುಡುಕ್ತಿದ್ದೆ ಅಜ್ಜಿ, ಇಲ್ಲದ್ದು ಸಿಕ್ಕಿತು” ಎಂದಳು.

ತಮ್ಮಾ, ಅವು ನಿನ್ನ ಕೈಯಲ್ಲಿ ಸತ್ತ ಕರುಗಳು. ಒಂದೇ ವರ್ಷ ಹನ್ನೊಂದು. ಮೊದಲ ಹಾಲು ಹೊತ್ತಿಗೆ ಸರಿಯಾಗಿ ಕುಡಿಸಲಿಲ್ಲವೆಂದು ಸಾಹೇಬರು ನಿನ್ನನ್ನು ಎಲ್ಲರೆದುರು ಕೆಲಸದಿಂದ ತೆಗೆದರು. “ಅಕ್ಕಾ, ನೀನಾದ್ರೂ ಹೇಳೇ” ಎಂದು ನನ್ನ ಮುಖ ನೋಡಿದೆ. ನಾನು “ಮೈಗಳ್ಳ, ತಡ ಮಾಡಿರ್ತಾನೆ” ಎಂದೆ. ನೀನು ತಡ ಮಾಡಿರಲಿಲ್ಲ. ಆ ಹಾಳೆಯ ಪ್ರತಿಯನ್ನು ಜೊತೆಗಿಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು.

ಆ ಹಾಳೆ ಕಂಡಂದಿನಿಂದ ನನಗೆ ಕೊಟ್ಟಿಗೆಯಲ್ಲಿ ನೆಟ್ಟಗೆ ನಡೆಯಲಾಗುತ್ತಿಲ್ಲ. ಸಾಲಾಗಿ ನಿಂತ ಕರುಗಳ ನಡುವೆ ಖಾಲಿ ಜಾಗ ಕಂಡರೆ ಕಾಲು ತಾನಾಗಿ ಸುತ್ತಿ ಹೋಗುತ್ತದೆ, ಯಾವುದನ್ನೋ ತುಳಿದುಬಿಡುತ್ತೇನೆಂಬಂತೆ. ಮೊನ್ನೆ ಹಾಡುಹಗಲೇ ಒಂದು ಹಸು ಬರಿ ನೆಲ ನೆಕ್ಕುತ್ತಿತ್ತು, ಮೆತ್ತಗೆ, ಈಗಷ್ಟೇ ಹುಟ್ಟಿದ್ದನ್ನು ನೆಕ್ಕುವ ಹಾಗೆ. ಕೋಲೆತ್ತಿ ಗದರಿದೆ. ಅದು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಹಾಲಿನ ಗಾಡಿಯ ಸದ್ದಾದರೆ ನೀನು ಎದ್ದು ಒಳಗೆ ಹೋಗುತ್ತೀಯಂತೆ, ನಿನ್ನ ಸೊಸೆ ಫೋನಿನಲ್ಲಿ ಹೇಳಿದಳು. ಇನ್ನು ಏಳಬೇಡ, ಕೂತಿರು. ನಿನ್ನ ಮಕ್ಕಳು ಮೊಮ್ಮಕ್ಕಳು ನೂರು ಕಾಲ ತಣ್ಣಗಿರಲಿ. ನಿನ್ನ ಮೈ ಗಟ್ಟಿಯಾಗಿರಲಿ.

ನಿನ್ನ ಬಾಯಿಬಡುಕಿ ಅಕ್ಕ

ತಾ.ಕ. ಮರೆತು ಇಲ್ಲಿ ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ನೀನು ಹೋದ ಐದನೇ ದಿನ ಸರದಾರನ ಮಗಳೊಂದು ಕರು ಹಾಕಿತು. ಮೊದಲ ಹಾಲು ನಾನೇ ಕುಡಿಸಿದೆ, ಕರೆದ ಬಿಸಿ ಆರುವ ಮೊದಲೇ. ಮರುದಿನ ಮಧ್ಯಾಹ್ನ ನನ್ನ ಮಡಿಲಲ್ಲೇ ಸತ್ತಿತು. ಮುಂದಿನ ಎರಡು ವರ್ಷದಲ್ಲಿ ಇನ್ನೂ ಹತ್ತು. ಒಬ್ಬಳೇ ಬೇಲಿಯಾಚೆ ಹೂತೆ. ಕೊನೆಗೆ ಕಾಲು ಕುಂಟೆಂದು ಸುಳ್ಳು ಹೇಳಿ ಆ ಮಗ ಹೋರಿಯನ್ನು ಸಾಗಹಾಕಿಸಿದೆ. ನಿನ್ನ ತಪ್ಪಿಲ್ಲವೆಂಬುದು ನನಗೆ ಲೆಕ್ಕದಮ್ಮ ಹೇಳಿದ ಮೇಲೆ ತಿಳಿದದ್ದಲ್ಲ. ಆ ಮೊದಲ ಮಧ್ಯಾಹ್ನವೇ ಗೊತ್ತಾಗಿತ್ತು. ಒಳ್ಳೆಯ ಹೋರಿ ಆರಿಸಿದವಳೆಂಬ ಹೆಸರು ನನಗೆ ಬೇಕಾಗಿತ್ತು. ಸಾಹೇಬರ ಕೋಣೆ ಕೊಟ್ಟಿಗೆಯಿಂದ ಇಪ್ಪತ್ತು ಹೆಜ್ಜೆ. ನಾನು ಹೋಗಲಿಲ್ಲ.