ಖಾಲಿ ಜಾಗದ ದಿಲ್‌ರುಬಾ

ಕೊಪ್ಪಳ
ಶನಿವಾರ, ವೈಶಾಖ ಶುದ್ಧ ಚತುರ್ದಶಿ
೧೦ ಮೇ ೧೯೪೧

ಯಜಮಾನರ ಪಾದಗಳಿಗೆ ಶಂಕ್ರಮ್ಮನ ನಮಸ್ಕಾರಗಳು.

ನಿಮ್ಮ ಆರೋಗ್ಯ ಹೇಗಿದೆ? ಹೋದ ಬೇಸಿಗೆಯಂತೆ ಮೂಗಿನಿಂದ ರಕ್ತ ಬಂತೇ? ದಫ್ತರಕ್ಕೆ ಹೋಗುವಾಗ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳಿ, ಹೈದರಾಬಾದಿನವರು ನಕ್ಕರೆ ನಗಲಿ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಕಡಿಮೆಯಾಗಿದೆ. ಎಮ್ಮೆ ಈದಿದೆ, ಹೆಣ್ಣುಕರು. ನಿಮ್ಮ ಕಾಗದದ ಮೊದಲನೆಯ ಸಾಲಿನಲ್ಲೇ ಕೇಳಿದ್ದೀರಲ್ಲ, ದಿಲ್‌ರುಬಾ ಕ್ಷೇಮ, ಒಂದು ತಂತಿಯೂ ಹರಿದಿಲ್ಲ. ಎರಡನೆಯ ಸಾಲಿನಲ್ಲಿ ತಾಯಿಯನ್ನು ಕೇಳಿದ್ದೀರಿ, ಐದನೆಯದರಲ್ಲಿ ಎಮ್ಮೆಯನ್ನು. ನನ್ನನ್ನು ಮಾತ್ರ ಜಾಗ ಸಾಲದೆ ಕಾಗದದ ಅಂಚಿನಲ್ಲಿ ಅಡ್ಡ ಬರೆದು ಕೇಳಿದ್ದೀರಿ. ಅಂಚಿನವಳೂ ಕ್ಷೇಮವಾಗಿದ್ದಾಳೆ.

ಬಾವಿ ತೋಟದ ಶುಕ್ರವಾರದ ಬೈಠಕ್ ಯುಗಾದಿಯ ಮರುವಾರವೇ ಶುರುವಾಯಿತು. ಎಂದಿನಂತೆ ಯಾರನ್ನೂ ಕರೆಯುವುದಿಲ್ಲ, ಯಾರಿಂದಲೂ ಕಾಸು ಕೇಳುವುದಿಲ್ಲ. ಹೊತ್ತು ಇಳಿದ ಮೇಲೆ ನೆಲಕ್ಕೆ ನೀರು ಚಿಮುಕಿಸುತ್ತಾರೆ, ಬಂದವರು ಬೇವಿನ ಮರದ ಕೆಳಗೆ ಕೂಡುತ್ತಾರೆ. ಜಮಖಾನೆಯ ಮೇಲೆ ಆ ಕಡೆ ಮದಾರಸಾಬರ ತಬಲಾ, ಈ ಕಡೆ ವಿರೂಪಾಕ್ಷಪ್ಪನವರ ಪಿಟೀಲು, ನಡುವೆ ನಿಮ್ಮ ಜಾಗ. ಊರಲ್ಲಿಲ್ಲದವನ ಜಾಗದಲ್ಲಿ ಅವನ ವಾದ್ಯ ಕೂಡಬೇಕು, ಅದನ್ನು ಮನೆಯವರೇ ತಂದಿಡಬೇಕು ಎಂದು ನಿಮ್ಮ ಮೂವರ ಕಟ್ಟಳೆ ಇದೆಯಲ್ಲ, ಅದರ ಭಾರ ಹೊತ್ತವಳು ನಾನು. ತಲೆಯ ಮೇಲೆ ಸೆರಗು, ಬಗಲಲ್ಲಿ ದಿಲ್‌ರುಬಾದ ಪೆಟ್ಟಿಗೆ. ಹಾದಿಯಲ್ಲಿ ಸಿಕ್ಕವರೆಲ್ಲ ಅದನ್ನು ಮಾತಾಡಿಸುತ್ತಾರೆ. ತೋಟಕ್ಕೆ ಹೋದರೆ ಅದಕ್ಕೆ ಮಲ್ಲಿಗೆ ಸರ, ಅದಕ್ಕೆ ಲೋಡು. ನಾನು ಹೆಂಗಸರ ಕಡೆ ಬರಿ ನೆಲದ ಮೇಲೆ. ಸುಳ್ಳು ಯಾಕೆ ಹೇಳಲಿ, ನನಗೆ ಅದರ ಮೇಲೆ ಹೊಟ್ಟೆಕಿಚ್ಚು. ಇಂದಿನದಲ್ಲ, ಮದುವೆಯಾಗಿ ಬಂದ ದಿನದ್ದು. ಅದಕ್ಕೆ ಕಿನ್ನಾಳದ ಚಿತ್ರಗಾರನಿಂದ ಗಿಳಿ ಬರೆಸಿದ ಪೆಟ್ಟಿಗೆ ಮಾಡಿಸಿದಿರಿ. ಅವನದೇ ಕೈಯ ಕುಂಕುಮದ ಭರಣಿ ನನಗೆ ತರುತ್ತೇನೆಂದು ಹೇಳಿ ಎಂಟು ವರ್ಷವಾಯಿತು. ಕುಂಕುಮ ಇನ್ನೂ ತಗಡಿನ ಡಬ್ಬಿಯಲ್ಲೇ ಇದೆ.

ಆದರೂ ನೀವು ಹೇಳಿಹೋದ ಕೆಲಸ ತಪ್ಪಿಸಿರಲಿಲ್ಲ. ಪ್ರತಿ ಶುಕ್ರವಾರ ಮಧ್ಯಾಹ್ನ ಬಾಗಿಲು ಮುಂದಕ್ಕೆ ಮಾಡಿಕೊಂಡು ಬಿರಡೆ ತಿರುವಿ ಶ್ರುತಿ ಕೂಡಿಸುತ್ತಿದ್ದೆ. ನನಗೇನೋ ವಿದ್ಯೆ ಬರುತ್ತದೆ ಎಂದಲ್ಲ. ನೀವು ಪಡಸಾಲೆಯಲ್ಲಿ ಕೂತು "ಸರಿ ಆತೇನ?" ಎಂದು ಕೇಳುವುದು, ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ "ಇನ್ನೊಂದೀಟು ಏರಸ್ರಿ" ಎನ್ನುವುದು, ಹೀಗೆ ಎಂಟು ವರ್ಷದಲ್ಲಿ ಕಿವಿ ತಾನೇ ಕಲಿತಿತ್ತು. ಶ್ರುತಿ ಕೂಡಿದ್ದರೆ, ಪಕ್ಕದಲ್ಲಿ ಪಿಟೀಲು ನುಡಿದಾಗ ದಿಲ್‌ರುಬಾದ ಸಣ್ಣ ತಂತಿಗಳು ಯಾರೂ ಮುಟ್ಟದೆಯೇ ಗುಂಯ್ ಎನ್ನುತ್ತವೆ. ಅದನ್ನು ಕೇಳಲೆಂದೇ ಜನ ಮುಂದೆ ಬಂದು ಕೂಡುತ್ತಾರೆ. ಅಮರಪ್ಪ ಹೈದರಾಬಾದಿನಿಂದಲೇ ನುಡಿಸುತ್ತಿದ್ದಾನೆ ಎಂದು ನಿಮ್ಮ ಹೆಸರೆತ್ತುತ್ತಾರೆ. ಅತ್ತೆಯವರು ಆ ದನಿ ಕೇಳಿದ ಮೇಲೆಯೇ ಎಲೆ ಅಡಿಕೆ ಬಾಯಿಗೆ ಹಾಕುವುದು.

ಬುಧವಾರ ನಿಮ್ಮ ಕಾಗದ ಬಂತು. ಅಲ್ಲಿ ಹೊಸ ದಿಲ್‌ರುಬಾ ಕೊಂಡಿದ್ದೀರಿ, ಸಂಜೆ ಯಾರದೋ ಮನೆಯ ಅಂಗಳದಲ್ಲಿ ಬೈಠಕ್ ಕೂಡುತ್ತೀರಿ, ಹೊಸದರ ನಾದ ಹಳೆಯದಕ್ಕಿಲ್ಲ ಎಂದು ಬರೆದಿರಿ. ಮೊದಲು ನನಗೆ ನಗು ಬಂತು. ನಿನಗೂ ಸವತಿ ಬಂದಳು ನೋಡು ಎಂದು ಹೇಳಲು ಪೆಟ್ಟಿಗೆ ತೆರೆದೆ. ತೆರೆದ ಮೇಲೆ ನಗು ಎಲ್ಲಿ ಹೋಯಿತೋ, ಮೈಯೆಲ್ಲ ಉರಿದು ಎಲ್ಲ ಬಿರಡೆಗಳನ್ನೂ ಸಡಿಲ ಮಾಡಿ ಮುಚ್ಚಿಟ್ಟೆ. ನಿನ್ನೆ ಹಾಗೆಯೇ ಒಯ್ದಿಟ್ಟೆ.

ಪಿಟೀಲು ಶುರುವಾಯಿತು. ನಿಮ್ಮ ಜಾಗದಿಂದ ಒಂದು ಸದ್ದಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ವಿರೂಪಾಕ್ಷಪ್ಪನವರು ಕಮಾನು ಕೆಳಗಿಟ್ಟು, "ಅಮರಪ್ಪಂದು ಮನಸು ಅಲ್ಲೇ ನಿಂತತಿ. ಅಂವ ಇನ್ನ ಬರಂಗಿಲ್ಲ ಬಿಡ್ರಿ" ಎಂದರು. ಮುಂದಿನ ವಾರದಿಂದ ಆ ಜಾಗಕ್ಕೆ ಗಂಗಾವತಿಯವರೊಬ್ಬರನ್ನು ಕರೆಸುವ ಮಾತೂ ತೆಗೆದರು. ಅತ್ತೆಯವರು ಎಲೆ ಅಡಿಕೆ ಕೈಯಲ್ಲೇ ಹಿಡಿದುಕೊಂಡು ಅಳತೊಡಗಿದರು. ನಿಮ್ಮ ಮೇಲಿನ ಸಿಟ್ಟಿಗೆ ಮಾಡಿದ ಕೆಲಸ, ಆ ಮುದುಕಿಗೆ ತಟ್ಟಿತು. ಕೂಡಲು ಆಗಲಿಲ್ಲ. ಎದ್ದು ಗಂಡಸರ ನಡುವೆ ಹಾದು ಹೋಗಿ ಜಮಖಾನೆಯ ಮೇಲೆ ಕೂತೆ. ಹೆಂಗಸರಲ್ಲಿ ಗುಸುಗುಸು ಎದ್ದಿತು. ಅತ್ತೆಯವರು ಅಳುತ್ತಲೇ ಹಿಂದೆ ತಿರುಗಿ, "ನಮ್ಮ ಮನಿ ಸಾಮಾನ ನಮ್ಮ ಸೊಸಿ ಮುಟ್ಟಿದ್ರ ನಿಮಗ್ಯಾಕ ಉರಿತೈತಿ?" ಎಂದರು. ಮದಾರಸಾಬರು ತಬಲಾದ ಮೇಲೆ ಕೈಯಿಟ್ಟು ಕಾದರು. ಒಂದೊಂದೇ ಬಿರಡೆ ತಿರುವಿದೆ. ಒಲೆಯ ಮುಂದೆ ಕಲಿತ ಕಿವಿ ತಪ್ಪಲಿಲ್ಲ. ಪಿಟೀಲು ಮತ್ತೆ ನುಡಿದಾಗ ಇದೂ ಗುಂಯ್ ಎಂದಿತು. ಅತ್ತೆಯವರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು. ಬಿರಡೆ ಸಡಿಲಿಸಿದವಳು ನಾನೇ ಎಂದು ಅವರಿಗೆ ಹೇಳಿಲ್ಲ, ನೀವೂ ಹೇಳಬೇಡಿ.

ಗಂಗಾವತಿಯವರ ಮಾತು ಸದ್ಯಕ್ಕೆ ನಿಂತಿದೆ. ಮಿರಗದ ಮಳೆಯವರೆಗೆ, ಇನ್ನೊಂದು ತಿಂಗಳು, ನೋಡೋಣ ಎಂದಿದ್ದಾರೆ. ಅಷ್ಟರೊಳಗೆ ರಜೆ ಸಿಗುವುದೋ ಇಲ್ಲವೋ ನಿಮಗೇ ಗೊತ್ತು. ಇನ್ನು ನನಗೆ ಈ ಹಳೆಯದರ ಮೇಲೆ ಹೊಟ್ಟೆಕಿಚ್ಚಿಲ್ಲ. ಪೆಟ್ಟಿಗೆಯನ್ನು ನನ್ನ ಹಾಸಿಗೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.

ಅತ್ತೆಯವರು ಆಶೀರ್ವಾದ ಹೇಳಿದ್ದಾರೆ, ಮದಾರಸಾಬರು ಸಲಾಮು. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ ಪಾದಸೇವಕಿ
ಶಂಕ್ರಮ್ಮ

ತಾ.ಕ.: ಟಪ್ಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಒಂದು ಮಾತು ಬರೆದು ಮುಗಿಸುತ್ತೇನೆ. ನೀವು ಒಬ್ಬರೇ ಯಾವತ್ತೂ ಶ್ರುತಿ ಕೂಡಿಸಿದವರಲ್ಲ. ಅಲ್ಲಿ ಹೊಸದನ್ನು ಹಿಡಿದು "ಸರಿ ಆತೇನ?" ಎಂದು ಯಾರನ್ನು ಕೇಳುತ್ತೀರಿ? ಬೇರೇನೂ ಬರೆಯದಿದ್ದರೂ ನಡೆಯುತ್ತದೆ, ಆ ಹೆಸರು ಬರೆಯಿರಿ. ಅಂಚಿನಲ್ಲಿ ಬೇಡ, ಮೊದಲನೆಯ ಸಾಲಿನಲ್ಲಿ.