ಅಕ್ಕನ ಸಾಲ, ನನ್ನ ಸೀಟು

ಗುರುಪುರ,
ಗೌರಿ ಹಬ್ಬದ ಹಿಂದಿನ ವಾರ

ರೂಪಕ್ಕಾ,

ನೀನು ಚೆನ್ನಾಗಿದ್ದೀಯ ಅಂತ ಗೊತ್ತು. ನಿಮ್ಮೂರು ಹ್ಯಾಂಡ್‌ಪೋಸ್ಟ್ ಕಡೆಯಿಂದ ಬರುವವರೆಲ್ಲ ಹೇಳುತ್ತಾರೆ. ಫೋನ್ ಇರುವಾಗ ಇವಳಿಗೆ ಕಾಗದ ಬರೆಯುವ ರೋಗ ಯಾಕೆ ಬಂತು ಅಂತ ನಗಬೇಡ. ಫೋನಿನಲ್ಲಿ ನೀನು ನನ್ನನ್ನು ನಗಿಸಿಬಿಡುತ್ತೀಯ. ಎರಡು ಮಾತಾಡುವುದರೊಳಗೆ ಸಿಟ್ಟು ಮರೆತು "ಭಾವ ಹೆಂಗವ್ರೆ?" ಅಂತ ಕೇಳಿರುತ್ತೇನೆ. ಈ ಸಲ ಮರೆಯುವ ಮನಸ್ಸಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಕೊನೆವರೆಗೂ ಓದು.

ನನಗೆ ಮೈಸೂರಿನಲ್ಲಿ ಫಿಸಿಯೋಥೆರಪಿ ಸೀಟು ಸಿಕ್ಕಿದ್ದು ನಿನಗೆ ಗೊತ್ತು. ಹುಣಸೂರಿನ ಬ್ಯಾಂಕಿನವರು ಸಾಲ ಆಗುವುದಿಲ್ಲ ಅಂದಿದ್ದನ್ನೂ ಹೇಳಿದ್ದೆ. "ಬ್ಯಾಂಕ್ನೋರು ಅಂಗೇ ಕಣೆ, ನಾಕ್ ಸಲ ಅಲೆಸ್ತಾರೆ" ಅಂದೆ ನೀನು. ಯಾಕೆ ಆಗುವುದಿಲ್ಲ ಅಂತ ಒಂದು ಮಾತು ಕೇಳಲಿಲ್ಲ. ಕೇಳದೆ ಇದ್ದದ್ದು ಯಾಕೆ ಅಂತ ಆವತ್ತು ನನಗೆ ಹೊಳೆಯಲಿಲ್ಲ. ಈಗ ಹೊಳೆದಿದೆ.

ಸಾಲದ ಪಾಠ ಹೇಳಿಕೊಟ್ಟವಳೇ ನೀನು. ನರ್ಸಿಂಗ್ ಸೇರುವ ವರ್ಷ ಒಬ್ಬಳೇ ಬ್ಯಾಂಕು, ಸರ್ಕಾರದ ಅಭಿವೃದ್ಧಿ ನಿಗಮದ ಕಚೇರಿ ಎಲ್ಲ ಅಲೆದು ಬಂದು, ಜಗುಲಿ ಮೇಲೆ ಕೂತು ನಮಗೆಲ್ಲ ಬಿಡಿಸಿ ಹೇಳುತ್ತಿದ್ದೆ. ಮೊದಲು ನಿಗಮದ ಸಾಲಕ್ಕೆ ಅರ್ಜಿ ಹಾಕಬೇಕು, ಬಡ್ಡಿ ತೀರ ಕಡಿಮೆ, ಆದರೆ ದುಡ್ಡು ಬರುವುದು ನಿಧಾನ, ಬಂದರೂ ಪೂರ್ತಿ ಫೀಸಿಗೆ ಸಾಲದು. ಉಳಿದದ್ದಕ್ಕೆ ಸರ್ಕಾರಿ ಬ್ಯಾಂಕು. ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ, ನಮ್ಮಂಥವರ ಸಣ್ಣ ಸಾಲಕ್ಕೆ ಜಮೀನು ಅಡ ಇಡಬೇಕಿಲ್ಲ, ಅಪ್ಪನೋ ಅಮ್ಮನೋ ಜೊತೆಯಲ್ಲಿ ಸಹಿ ಹಾಕಿದರೆ ಸಾಕು. ಖಾಸಗಿ ಫೈನಾನ್ಸಿನ ಕಡೆ ಮಾತ್ರ ತಲೆ ಹಾಕಿಯೂ ಮಲಗಬಾರದು, ಕೇಳಿದ ತಕ್ಷಣ ಕೊಡುತ್ತಾರೆ, ಮೊದಲ ತಿಂಗಳಿಂದಲೇ ಬಡ್ಡಿ ಕಟ್ಟಿಸಿಕೊಳ್ಳುತ್ತಾರೆ. ಮರಗೆಲಸದ ಜಬ್ಬಾರ್ ಸಾಬರ ಮಗಳು ಫಿರ್ದೋಸ್ ನಿನ್ನ ಮಾತು ಕೇಳಿಕೊಂಡೇ ಅರ್ಜಿ ಹಾಕಿದ್ದು. ಈಗ ಅವಳು ಫಾರ್ಮಸಿ ಓದುತ್ತಿದ್ದಾಳೆ. ಸಂತೆಯಲ್ಲಿ ಸಿಕ್ಕಾಗಲೆಲ್ಲ ನಿನ್ನನ್ನು ಹೊಗಳುತ್ತಾಳೆ. ನೀನು ದಾರಿ ತೋರಿಸಿದವರೆಲ್ಲ ಕಾಲೇಜು ಸೇರಿದರು ಅಕ್ಕ, ಮನೆಯಲ್ಲಿದ್ದ ನಾನೊಬ್ಬಳು ಉಳಿದೆ.

ನಿನ್ನ ಸಾಲಕ್ಕೆ ಸಹಿ ಹಾಕುವ ಹಿಂದಿನ ದಿನ ಅಪ್ಪ ಹಿಂದೆಮುಂದೆ ನೋಡಿದ್ದು ನೆನಪಿದೆಯಾ? "ಚಿಕ್ಕೋಳ್ಗೂ ನಾಳೆ ಬೇಕಾಯ್ತದೆ ಕಣವ್ವ" ಅಂದಿದ್ದ. ನೀನು ನನ್ನನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, "ಇವ್ಳುನ್ನ ನಾನ್ ಓದುಸ್ತೀನಿ, ನೀನ್ ಸುಮ್ನೆ ಸೈನ್ ಆಕಪ್ಪ" ಅಂದೆ. ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಯಾರು ಏನು ಓದುತ್ತೀಯ ಅಂತ ಕೇಳಿದರೂ, ನಮ್ಮಕ್ಕ ಓದಿಸುತ್ತಾಳೆ ಅನ್ನುವುದೇ ನನ್ನ ಮೊದಲ ಉತ್ತರ.

ಸಾಲ ಯಾಕೆ ಆಗುವುದಿಲ್ಲ ಅಂತ ಕೇಳಲು ಹೋದ ವಾರ ಮತ್ತೆ ಬ್ಯಾಂಕಿಗೆ ಹೋದಾಗ ಅಪ್ಪ ನಿನ್ನ ಮದುವೆಗೆ ಹಾಕಿದ್ದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಮ್ಯಾನೇಜರು ಅಪ್ಪನ ಪ್ಯಾನ್ ನಂಬರು ಒತ್ತಿ ಕಂಪ್ಯೂಟರ್ ನೋಡಿದರು, ಆಮೇಲೆ ಅಪ್ಪನ ಮುಖ ನೋಡಿದರು. "ದೇವರಾಜು ಅವ್ರೆ, ನಿಮ್ ದೊಡ್ಮಗಳು ಸಾಲ ಕಟ್ಟದೆ ವರ್ಷದ ಮೇಲಾಯ್ತು. ಜೊತೇಲಿ ಸೈನ್ ಆಕಿರೋರು ನೀವು. ನಿಮ್ ಹೆಸ್ರೂ ಕೆಟ್ಟೋಗದೆ ಕಣ್ರಿ. ಅದ್ ಸರಿಯಾಗ್ದೆ ಈ ಮಗೀಗೆ ಕೊಡಕ್ಕಾಗಲ್ಲ" ಅಂದರು. ನೋಟೀಸು, ಫೋನು ಎಲ್ಲ ನೀನು ಕೊಟ್ಟಿದ್ದ ನಂಬರಿಗೇ ಬರುತ್ತಿದ್ದವಂತೆ. "ನನ್ ಹೆಸ್ರಾ ಸಾರ್?" ಅಂತ ಅಪ್ಪ ಎರಡು ಸಲ ಕೇಳಿದ. ಊರಲ್ಲಿ ಒಬ್ಬರ ಹತ್ತಿರವೂ ಕೈಸಾಲ ಉಳಿಸಿಕೊಳ್ಳದ ಮನುಷ್ಯ.

ಆಗ ನನಗೆ ನೆನಪಾದದ್ದು ನಿಮ್ಮ ಕಾರು. ಆಯುಧಪೂಜೆಗೆ ಅದನ್ನು ಹಾರ ಹಾಕಿಕೊಂಡು ಮನೆ ಮುಂದೆ ತಂದು ನಿಲ್ಲಿಸಿದಿರಲ್ಲ, ಅವತ್ತು ಅಮ್ಮ "ಓದುದ್ ಸಾಲ ತೀರ್ತಾ ಬಂತೇನವ್ವ?" ಅಂದಳು. "ಅದ್ಕೇನವಸ್ರ ಬುಡವ್ವ, ಎಲೆಕ್ಷನ್ ಬರ್ಲಿ, ಮನ್ನಾ ಮಾಡ್ತಾರೆ. ಕಾರಿನ ಕಂತು ಕಟ್ದೇ ಇದ್ರೆ ಕಾರೆತ್ಕೊಂಡೋಯ್ತಾರೆ. ತಲೇಲಿರೋ ಓದ್ನ ಜಪ್ತಿ ಮಾಡಕ್ಕಾಯ್ತದಾ?" ಅಂದೆ ನೀನು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ತಮಾಷೆ ಅಂದುಕೊಂಡಿದ್ದೆವು ಅಕ್ಕ. ನೀನು ಆಗಲೇ ಕಟ್ಟುವುದು ನಿಲ್ಲಿಸಿದ್ದೆ.

ಬ್ಯಾಂಕಿನಿಂದ ಹೊರಗೆ ಬಂದು ನಾನು ನಿನಗೆ ಫೋನ್ ಮಾಡಲು ಹೋದರೆ ಅಪ್ಪ ಕೈಯಿಂದ ಫೋನ್ ಕಿತ್ತುಕೊಂಡ. ಯಾಕೆ ಅಂತೀಯಾ? ಸೊಸೈಟಿ ಸಾಲ ಮನ್ನಾ ಆದ ವರ್ಷ ನೆನಪು ಮಾಡಿಕೋ. ಅಪ್ಪ ಹೊಗೆಸೊಪ್ಪಿನ ದುಡ್ಡು ಬಂದ ಕೂಡಲೇ ಪೂರ್ತಿ ಕಟ್ಟಿಬಿಟ್ಟಿದ್ದ. ಪಕ್ಕದ ಹೊಲದ ಲಿಂಗಯ್ಯ ಮಾವ ಬಿಡಿಗಾಸೂ ಕಟ್ಟಿರಲಿಲ್ಲ, ಅವರದು ಮನ್ನಾ ಆಯಿತು. ಕಟ್ಟಿದ ನಾನೇ ಪೆದ್ದನಾದೆ ಅಂತ ಅಪ್ಪ ಎಷ್ಟೋ ವರ್ಷ ಊಟಕ್ಕೆ ಕೂತಾಗಲೆಲ್ಲ ಗೊಣಗಿದ. ಅದನ್ನೇ ನೆನೆಸಿಕೊಂಡು, "ಅವ್ಳುನ್ ಬಯ್ಬೇಡ ಕಣವ್ವ, ಆ ಬುದ್ಧಿ ಕಲ್ಸಿದ್ದೇ ನಾನು" ಅಂದ. ನನಗೆ ಇನ್ನೂ ಸಿಟ್ಟು ಬಂತು. ಗೊಣಗಿದ್ದು ನಾನೂ ಕೇಳಿದ್ದೇನೆ. ಅಪ್ಪ ಗೊಣಗಿಕೊಂಡೇ ಪ್ರತಿ ವರ್ಷ ಕಟ್ಟಿದ್ದಾನೆ, ಅದನ್ನು ನೀನು ಯಾಕೆ ನೋಡಲಿಲ್ಲ? ಸಂಬಳ ಬರದೆ ಕಟ್ಟಲಿಲ್ಲ ಅಂದಿದ್ದರೆ ನಾನು ನಿನ್ನ ಜೊತೆ ಅಳುತ್ತಿದ್ದೆ. ಸಂಬಳ ಬರುತ್ತಿತ್ತು. ನನ್ನ ಸರದಿ ಬರುತ್ತದೆ ಅನ್ನುವುದೂ ನಿನಗೆ ಗೊತ್ತಿತ್ತು. ನೀನು ಮೋಸ ಮಾಡಿದೆ ಅಕ್ಕ. ಬರೆದ ಈ ಮಾತನ್ನು ಹೊಡೆದುಹಾಕುವುದಿಲ್ಲ.

ನಿಗಮಕ್ಕೆ ಅರ್ಜಿ ಹಾಕಿದ್ದೇನೆ, ಫೀಸಿನ ಗಡುವಿನೊಳಗೆ ಅದು ಬರುವುದಿಲ್ಲ. ಈಗ ಅಪ್ಪ, ನೀನು ಯಾವ ಕಡೆ ಹೋಗಬೇಡಿ ಅಂದಿದ್ದೆಯೋ ಆ ಫೈನಾನ್ಸಿನವರ ಹತ್ತಿರ ಹೋಗಿ ಬಂದಿದ್ದಾನೆ. ಅಪ್ಪನ ಹೆಸರು ಕೆಟ್ಟಿರುವುದರಿಂದ ಬಾವಿ ಹೊಲವನ್ನು ಅಡ ಬರೆದುಕೊಟ್ಟರೆ ಕೊಡುತ್ತಾರಂತೆ. ನಿನ್ನೆ ಪಹಣಿಯನ್ನೂ ತೆಗೆಸಿಕೊಂಡು ಬಂದ. ಅಮ್ಮ ಹೊಗೆಸೊಪ್ಪು ಕಟ್ಟಿ ಕಟ್ಟಿ ಭುಜ ಎತ್ತಲಾರದೆ ನರಳುವುದನ್ನು ನೋಡಿಯೇ ನಾನು ಈ ಓದು ಆರಿಸಿಕೊಂಡದ್ದು. ಅವಳು ದುಡಿದ ಹೊಲವನ್ನೇ ಒತ್ತೆ ಇಟ್ಟು ನಾನು ಓದುವುದಿಲ್ಲ. ಸೀಟು ಹೋದರೆ ಹೋಗಲಿ ಅಂತ ಅಪ್ಪನಿಗೆ ಹೇಳಿದ್ದೇನೆ. ಅವನು ಪಹಣಿ ಮಡಚಿಟ್ಟುಕೊಂಡು ಎದ್ದು ಹೋದ.

ಹಬ್ಬಕ್ಕೆ ಕರೆಯಲು ಅಪ್ಪ ನಾಡಿದ್ದು ನಿಮ್ಮಲ್ಲಿಗೆ ಬರುತ್ತಾನೆ. ಈ ವಿಷಯ ಎತ್ತುವುದಿಲ್ಲ, ನನಗೆ ಗೊತ್ತು. ಬಾಗಿನಕ್ಕೆ ಅಮ್ಮ ಮೊರ ತಂದು ಅರಿಸಿನ ಹಚ್ಚಿ ಒಣಗಿಸಿದ್ದಾಳೆ. ಬಾ, ಬಾಗಿನ ತೆಗೆದುಕೋ. ನನಗೆ ಸೀರೆ, ಬಳೆ ಏನೂ ತರಬೇಡ. ಬ್ಯಾಂಕು ತೆರೆಯುವ ಸೋಮವಾರದವರೆಗೂ ಇದ್ದು, ಅಪ್ಪನ ಪಕ್ಕ ಆ ಮ್ಯಾನೇಜರ ಮುಂದೆ ಕೂತು, ನಿಂತಿರುವ ಕಂತುಗಳನ್ನು ಕಟ್ಟು. ಕಟ್ಟಿದರೆ ನನ್ನ ಸಾಲದ ಕಾಗದಗಳನ್ನು ಮತ್ತೆ ಮೇಲಿನ ಕಚೇರಿಗೆ ಕಳಿಸುತ್ತೇನೆ ಅಂದಿದ್ದಾರೆ. ಫೀಸಿಗೆ ಅದೇ ವಾರದ ಗುರುವಾರ ಕೊನೆ ದಿನ.

ಬರುವಾಗ ಬಸ್ಸಿನಲ್ಲಿ ಬಾ ಅಕ್ಕ. ಕಾರು ತಂದರೆ ಅಪ್ಪ ಈಗಲೂ ಅದಕ್ಕೆ ದೃಷ್ಟಿ ತೆಗೆದು ನಿಂಬೆಹಣ್ಣು ಕಟ್ಟುತ್ತಾನೆ. ಅದನ್ನು ನೋಡಿಕೊಂಡು ನಿಲ್ಲುವ ಶಕ್ತಿ ನನಗಿಲ್ಲ. ಅವತ್ತು ಕೇಳಿದೆಯಲ್ಲ, ಓದನ್ನು ಜಪ್ತಿ ಮಾಡಲು ಆಗುತ್ತದಾ ಅಂತ. ಆಗುತ್ತದೆ. ನಿನ್ನ ಸಾಲಕ್ಕೆ ನನ್ನ ಓದನ್ನು ಎತ್ತಿಕೊಂಡು ಹೋಗಿದ್ದಾರೆ, ಬಿಡಿಸಿಕೊಡು.

ಗೌರಮ್ಮ ನಿನ್ನನ್ನೂ ಭಾವನನ್ನೂ ಚೆನ್ನಾಗಿಟ್ಟಿರಲಿ. ಪ್ರತಿ ಹಬ್ಬಕ್ಕೂ ಮೊದಲು ನಿನ್ನ ಕಾಲಿಗೆ ಬೀಳುತ್ತಿದ್ದವಳು ನಾನು. ಈ ಸಲ ಸೋಮವಾರ ಸಂಜೆ ಬೀಳುತ್ತೇನೆ.

ನೀನು ಓದಿಸುತ್ತೇನೆ ಅಂದಿದ್ದ ತಂಗಿ,
ಸುಕನ್ಯ